ಮೊದಲು ನೀಲಿ ಲೇಬಲ್, ಆಮೇಲೆ ಗುಲಾಬಿ

ನವೆಂಬರ್ ಕೊನೆ ಅಂದರೆ ಸಿರುಗುಪ್ಪ, ತೆಕ್ಕಲಕೋಟೆ ಕಡೆ ಭತ್ತದ ಕೊಯ್ಲು ಜೋರಾಗಿರುವ ಕಾಲ. ಬಳ್ಳಾರಿಯಿಂದ ಆ ಕಡೆ ಹೋಗುವ 150ಎ ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್‌ಗಳದ್ದೇ ದರ್ಬಾರು. ಟ್ರೇಲರ್ ಹಿಂದೆ ಲೈಟ್ ಇರಲ್ಲ, ರಿಫ್ಲೆಕ್ಟರ್ ಪಟ್ಟಿ ಇರಲ್ಲ. ಪಂಕ್ಚರ್ ಆದರೆ ರಸ್ತೆಯಲ್ಲೇ ಬಿಟ್ಟು, ಹಿಂದೆ ನಾಲ್ಕು ಕಲ್ಲಿಟ್ಟು ಹೋಗಿಬಿಡ್ತಾರೆ. ನಮ್ಮ ಭಾವನ ಬೈಕು ಗುದ್ದಿದ್ದು ಅಂಥ ಒಂದು ಟ್ರೇಲರ್‌ಗೆ.

ಅಪಘಾತದ ಬಗ್ಗೆ ನಾನು ಜಾಸ್ತಿ ಬರೆಯಲ್ಲ. ನಾನು ನೋಡಿದ್ದೂ ಇಲ್ಲ. ಬರೆಯಬೇಕು ಅನ್ನಿಸಿದ್ದು ಅಲ್ಲಿಂದ ಮುಂದಿನ ರಾತ್ರಿಯ ಬಗ್ಗೆ. ಅವರಿಗೆ ರಕ್ತ ಎಲ್ಲಿಂದ ಬಂತು, ಯಾವ ಲೆಕ್ಕದಲ್ಲಿ ಏರಿಸಿದರು, ನಾವು ಕೊಡ್ತೀವಿ ಅಂತ ಓಡಿ ಬಂದ ರಕ್ತ ಏನಾಯ್ತು, ಇದೆಲ್ಲ. ನಮ್ಮ ಕಡೆ ದಿನಾ ಯಾರಾದರೊಬ್ಬರು ಈ ದಾರಿಯಲ್ಲಿ ಹಾದು ಹೋಗ್ತಾರೆ. ಆದರೂ ಒಳಗೆ ಏನು ನಡೆಯುತ್ತೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲ್ಲ.

ನನಗೆ ಫೋನ್ ಹಚ್ಚಿದ್ದು ಒಬ್ಬ ಲಾರಿ ಡ್ರೈವರ್. ಭಾವನ ಫೋನಿನಲ್ಲಿ ಕೊನೆಗೆ ಮಾತಾಡಿದ ನಂಬರ್ ನನ್ನದಿತ್ತು. 108 ಬರುವ ತನಕ ಆ ಅಣ್ಣ ಅಲ್ಲೇ ನಿಂತಿದ್ದರು. ಮೊದಲೆಲ್ಲ ಪೊಲೀಸ್ ಕೇಸ್ ಅಂತ ಹೆದರಿ ಜನ ಗಾಡಿ ನಿಲ್ಲಿಸ್ತಾ ಇರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನಿಯಮ ಮಾಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಂ ಸೇರಿತು. ಗಾಯಾಳುವಿಗೆ ಸಹಾಯ ಮಾಡಿದವರನ್ನು ಹೆಸರು ಹೇಳು, ಸಾಕ್ಷಿಗೆ ಬಾ ಅಂತ ಯಾರೂ ಕಾಡುವಂತಿಲ್ಲ. ಆ ಡ್ರೈವರಣ್ಣನೂ ಹೆಸರು ಹೇಳಲಿಲ್ಲ. "ಕಾಲು ಹೋಗ್ಯಾವ್ರಿ, ಆದ್ರ ಮಾತಾಡಾಕತ್ತಾನ, ಲಗೂನ ಬರ್ರಿ" ಅಂದರು, ಅಷ್ಟೇ.

108ರವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ದರು. ಅಲ್ಲಿ ಇದ್ದದ್ದು ಒಬ್ಬರೇ ಡ್ಯೂಟಿ ಡಾಕ್ಟರ್. ಅವರು ಮಾಡಿದ್ದು ಮೂರೇ ಕೆಲಸ. ಒಂದು ಬೆಡ್‌ಶೀಟನ್ನು ಮಡಚಿ ಸೊಂಟದ ಮೂಳೆ ಸುತ್ತ ಬಿಗಿಯಾಗಿ ಕಟ್ಟಿದರು. ಕಾಲಿಗೆ ದಬ್ಬೆ ಕಟ್ಟಿದರು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಕೊಟ್ಟು, ಕೊಟ್ಟ ಟೈಮನ್ನು ರೆಫರಲ್ ಚೀಟಿಯ ಮೇಲೆ ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದರು. ಬಳ್ಳಾರಿಗೆ ಬಂದಾಗ ಎಲ್ಲರೂ ಮೊದಲು ನೋಡಿದ್ದು ಆ ಗೆರೆ ಎಳೆದ ಟೈಮನ್ನೇ. ಆ ಔಷಧಿ ಹೆಪ್ಪುಗಟ್ಟಿದ ರಕ್ತ ಮತ್ತೆ ಕರಗದಂತೆ ಹಿಡಿಯುತ್ತೆ. ಗಾಯವಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗ. ತಡವಾಗಿ ಕೊಟ್ಟರೆ ಲಾಭಕ್ಕಿಂತ ಹಾನಿಯೇ ಆಗಬಹುದು. 40 ದೇಶಗಳಲ್ಲಿ 20 ಸಾವಿರಕ್ಕೂ ಜಾಸ್ತಿ ಗಾಯಾಳುಗಳ ಮೇಲೆ ನಡೆದ ಕ್ರ್ಯಾಶ್-2 ಅನ್ನುವ ಅಧ್ಯಯನ 2010-11ರಲ್ಲಿ ಇದನ್ನು ತೋರಿಸಿಕೊಟ್ಟಿತು. ನಮ್ಮ ದೇಶದ ಆಸ್ಪತ್ರೆಗಳೂ ಅದರಲ್ಲಿದ್ದವು. ದುಬಾರಿ ಔಷಧಿಯೂ ಅಲ್ಲ. ಸಣ್ಣ ಊರಿನ ಆ ಡಾಕ್ಟರ್ ಅವತ್ತು ಅದನ್ನು ಕೊಡದೆ "ಬಳ್ಳಾರಿಗೆ ಒಯ್ರಿ" ಅಂತ ಸುಮ್ನೆ ಕಳಿಸಿದ್ದರೂ ಯಾರೂ ಕೇಳ್ತಿರಲಿಲ್ಲ.

ನಾನು ಬಳ್ಳಾರಿಯಲ್ಲಿ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಸೂಪರ್‌ವೈಸರ್. ಹಾಗಾಗಿ ಆಂಬುಲೆನ್ಸ್‌ಗಿಂತ ಮೊದಲೇ ಕ್ಯಾಜುವಾಲ್ಟಿ ಬಾಗಿಲಲ್ಲಿದ್ದೆ. ಭಾವನನ್ನು ಇಳಿಸಿದಾಗ ನನಗೆ ಆಶ್ಚರ್ಯ ಆಗಿದ್ದು, ಮೈಮೇಲೆ ರಕ್ತವೇ ಅಷ್ಟಾಗಿ ಇರಲಿಲ್ಲ. ಹೆಲ್ಮೆಟ್ ಹಾಕಿದ್ದರಿಂದ ತಲೆಗೆ ಏನೂ ಆಗಿರಲಿಲ್ಲ. ಮೊಣಕೈ ಹತ್ತಿರ ಒಂದಿಷ್ಟು ತರಚಿತ್ತು. ಆದರೆ ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು, ಹಣೆ ಮೇಲೆ ತಣ್ಣನೆ ಬೆವರು. ಸುಮ್ನೆ ಮಲಗ್ತಿರಲಿಲ್ಲ, ಮತ್ತೆ ಮತ್ತೆ ಏಳಲು ನೋಡ್ತಿದ್ದರು. "ನೀರು ಕೊಡೋ ತಮ್ಮಾ" ಅನ್ನೋದೊಂದೇ ಮಾತು. ನನಗೆ ಅದು ನೋವಿನ ಒದ್ದಾಟ ಅನ್ನಿಸಿತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಮೇಡಂ ಮಾತ್ರ ಆ ಒದ್ದಾಟವನ್ನು ನೋಡಿಯೇ ಜೋರಾಗಿ ಕೂಗಿ ಎಲ್ಲರನ್ನೂ ಕರೆದರು. ಮಿದುಳಿಗೆ ರಕ್ತ ಸಾಲದೆ ಹೋದಾಗ ಮನುಷ್ಯ ಹಾಗೆ ಚಡಪಡಿಸ್ತಾನಂತೆ. ನೀರು ಮಾತ್ರ ಕೊಡಬೇಡಿ ಅಂದರು, ಆಪರೇಷನ್‌ಗೆ ಒಯ್ಯಬೇಕಾಗಬಹುದು.

ಪ್ಯಾಂಟು ಕತ್ತರಿಸಲು ಶುರು ಮಾಡಿದರು. ಅದು ನಮ್ಮ ಯೂನಿಟ್‌ನದ್ದೇ ಪ್ಯಾಂಟು, ನಾನೇ ಕೊಟ್ಟಿದ್ದು. ಪಕ್ಕದ ಡಬಲ್ ಹೊಲಿಗೆಗೆ ಬಂದಾಗ ಕತ್ತರಿ ಸಿಕ್ಕಿಹಾಕಿಕೊಂಡಿತು. ಅಟೆಂಡರ್ ಬೈದುಕೊಂಡು ಎರಡೂ ಕೈಯಲ್ಲಿ ಹರಿದರು. ಗಟ್ಟಿ ಹೊಲಿಗೆ ಅಂತ ನಾವು ಹೆಮ್ಮೆಪಡ್ತೀವಲ್ಲ, ಅದೂ ಒಮ್ಮೊಮ್ಮೆ ಅಡ್ಡ ಬರುತ್ತೆ.

ತೊಡೆ ಊದಿಕೊಂಡು ಎರಡರಷ್ಟಾಗಿತ್ತು. ರಕ್ತ ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಅಲ್ಲೇ ಇತ್ತು. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತೆ. ತೊಡೆ ಮೂಳೆ ಮುರಿದರೆ, ಚರ್ಮ ಹರಿಯದೇ ಇದ್ದರೂ, ಒಂದರಿಂದ ಒಂದೂವರೆ ಲೀಟರ್ ಒಳಗೇ ಸೋರಿ ಹೋಗಬಹುದು. ಸೊಂಟದ ಮೂಳೆ ಒಡೆದರೆ ಎರಡು ಲೀಟರ್‌ಗೂ ಜಾಸ್ತಿ. ಹೊಟ್ಟೆಯೊಳಗೆ ಸೋರಿದರೆ ಹೊರಗೆ ಕಾಣೋದೇ ಇಲ್ಲ. ಭಾವನಿಗೆ ಮೂರೂ ಆಗಿತ್ತು. ಸಣ್ಣ ಸ್ಕ್ಯಾನಿಂಗ್ ಮಿಷನ್ ತಳ್ಳಿಕೊಂಡು ಬಂದು ಹೊಟ್ಟೆ ಮೇಲೆ ಇಟ್ಟು ನೋಡಿದರು. ಪರದೆ ಮೇಲೆ ಒಂದು ಕಪ್ಪು ಪಟ್ಟಿ. "ಗುಲ್ಮ ಒಡೆದಿದೆ, ಒಳಗೆ ರಕ್ತ ನಿಂತಿದೆ" ಅಂದರು ಮೇಡಂ. ಗುಲ್ಮ ಅಂದರೆ ಎಡಗಡೆ ಪಕ್ಕೆಲುಬಿನ ಕೆಳಗಿರುವ ಅಂಗ, ಸ್ಪ್ಲೀನ್ ಅಂತಾರಲ್ಲ ಅದು.

ಎರಡೂ ಕೈಗೆ ಬೂದು ಬಣ್ಣದ ಹಿಡಿಕೆಯ ದಪ್ಪ ಸೂಜಿ ಚುಚ್ಚಿದರು. ನಮ್ಮ ಹಿಂದೆ ನಿಂತಿದ್ದ ಯಾರೋ ಹಿರಿಯರು, "ಎರಡು ಗ್ಲೂಕೋಸ್ ಬಾಟ್ಲಿ ಜೋರಾಗಿ ಬಿಡ್ರಿ, ಶಕ್ತಿ ಬರ್ತೈತಿ" ಅಂತ ಸಲಹೆ ಕೊಟ್ಟರು. ನಮ್ಮ ಕಡೆ ಎಲ್ಲ ಕಾಯಿಲೆಗೂ ಬಾಟ್ಲಿಯೇ ಮದ್ದು, ಅಲ್ವಾ? ಮೇಡಂ ಬೇಕಂತಲೇ ಸ್ವಲ್ಪವೇ ಬಿಟ್ಟರು. ಸಲೈನ್ ಅಂದರೆ ಉಪ್ಪುನೀರು. ಅದನ್ನು ಜಾಸ್ತಿ ಸುರಿದರೆ ಬಿ.ಪಿ. ಏರಿದ ಹಾಗೆ ಕಾಣುತ್ತೆ. ಆದರೆ ಉಳಿದ ರಕ್ತ ತೆಳ್ಳಗಾಗುತ್ತೆ, ಹೆಪ್ಪುಗಟ್ಟುವ ಶಕ್ತಿ ಹೋಗುತ್ತೆ, ಮೈ ತಣ್ಣಗಾಗುತ್ತೆ. ಏರಿದ ಬಿ.ಪಿ. ಆಗಷ್ಟೇ ಕಟ್ಟಿಕೊಂಡ ಹೆಪ್ಪನ್ನೂ ತಳ್ಳಿಬಿಡಬಹುದು. ತಲೆಗೆ ಪೆಟ್ಟಿಲ್ಲದವರಿಗೆ ರಕ್ತ ನಿಲ್ಲುವ ತನಕ ಮೇಲಿನ ಬಿ.ಪಿ. 80-90ರ ಆಸುಪಾಸು ಇದ್ದರೆ ಸಾಕು ಅಂತ ಈಗಿನ ಲೆಕ್ಕ. ಇದನ್ನೆಲ್ಲ ಅವರು ಆಮೇಲೆ ಹೇಳಿದ್ದು. ಆಗ ಹೇಳಿದ್ದು ಒಂದೇ ಮಾತು: "ಹೋಗಿರೋದು ರಕ್ತ, ರಕ್ತಾನೇ ಕೊಡಬೇಕು."

ಅವರು ಬ್ಲಡ್ ಬ್ಯಾಂಕ್‌ಗೆ ಫೋನ್ ಮಾಡಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಓ ಪಾಸಿಟಿವ್ ಪ್ಯಾಕ್ಡ್ ಸೆಲ್ ನಾಲ್ಕು, ಕ್ರಾಸ್‌ಮ್ಯಾಚ್ ಬೇಡ, ನಾನು ಸೈನ್ ಮಾಡ್ತೀನಿ. ಸ್ಯಾಂಪಲ್ ಹಿಂದೇನೇ ಬರುತ್ತೆ." ಪ್ಯಾಕ್ಡ್ ಸೆಲ್ ಅಂದರೆ ರಕ್ತದಿಂದ ಬೇರೆ ಮಾಡಿಟ್ಟ ಕೆಂಪು ಕಣ, ಕ್ರಾಸ್‌ಮ್ಯಾಚ್ ಅಂದರೆ ಹೊಂದುತ್ತೋ ಇಲ್ಲವೋ ನೋಡುವ ಪರೀಕ್ಷೆ. ನನಗೆ ಗಾಬರಿ ಆಯ್ತು. ಭಾವನದು ಬಿ ಪಾಸಿಟಿವ್ ಅಂತ ಗೊತ್ತಿತ್ತು. ಹೇಳಿದೆ. ಅಷ್ಟೊತ್ತಿಗೆ ಅಕ್ಕನೂ ಫೋನಿನಲ್ಲಿ ಭಾವನ ಲೈಸೆನ್ಸ್ ಫೋಟೋ ಕಳಿಸಿದ್ದಳು, ಅದರಲ್ಲೂ ಬಿ ಪಾಸಿಟಿವ್ ಅಂತಲೇ ಇತ್ತು. ಮೇಡಂ ಅದನ್ನು ನೋಡಲೂ ಇಲ್ಲ. "ಲೈಸೆನ್ಸ್ ನೋಡಿ ರಕ್ತ ಕೊಡಲ್ಲಪ್ಪ" ಅಂದರು.

ಅದರ ಹಿಂದಿನ ಲೆಕ್ಕ ಹೀಗಿದೆ. ಗ್ರೂಪ್ ನೋಡಿ, ರೋಗಿಯ ರಕ್ತದ ಜೊತೆ ಚೀಲದ ರಕ್ತವನ್ನು ಬೆರೆಸಿ ಹೊಂದುತ್ತೋ ಇಲ್ಲವೋ ಅಂತ ಪೂರ್ತಿ ಪರೀಕ್ಷೆ ಮಾಡೋದಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತೆ. ಬರೀ ಗ್ರೂಪ್ ಪತ್ತೆ ಹಚ್ಚಲು ಹತ್ತು ಹದಿನೈದು ನಿಮಿಷ. ಭಾವನ ಹತ್ತಿರ ಅಷ್ಟೂ ಹೊತ್ತು ಇರಲಿಲ್ಲ. ಓ ಗುಂಪಿನ ಕೆಂಪು ಕಣದ ಮೇಲೆ ಎ ಆಗಲಿ ಬಿ ಆಗಲಿ ಇರಲ್ಲ. ಹಾಗಾಗಿ ಅದನ್ನು ಯಾರ ಮೈಯೂ ಸುಲಭಕ್ಕೆ ದೂರ ತಳ್ಳಲ್ಲ. ಓ ನೆಗೆಟಿವ್ ಇನ್ನೂ ಒಳ್ಳೇದು, ಆದರೆ ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಐದಾರು ಜನ ಸಿಕ್ಕರೆ ಹೆಚ್ಚು. ಅದರಲ್ಲಿ ಓ ನೆಗೆಟಿವ್ ಇನ್ನೂ ಕಮ್ಮಿ. ಇರುವ ಒಂದೆರಡು ಚೀಲವನ್ನು ಹೆಣ್ಣುಮಕ್ಕಳಿಗೆ ಅಂತ ಎತ್ತಿಡ್ತಾರೆ. ನೆಗೆಟಿವ್ ಗುಂಪಿನ ಹುಡುಗಿಗೆ ಪಾಸಿಟಿವ್ ಕೊಟ್ಟರೆ ಮುಂದೆ ಬಸಿರಾದಾಗ ಮಗುವಿಗೆ ತೊಂದರೆ ಆಗಬಹುದು. ಗಂಡಸರಿಗೆ ಆ ಚಿಂತೆ ಇಲ್ಲ, ಓ ಪಾಸಿಟಿವ್ ನಡೆಯುತ್ತೆ.

ಓ ಕೂಡ ಆಗದವರು ಇದ್ದಾರೆ ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿಯೇ. ಬಾಂಬೆ ಗ್ರೂಪ್ ಅಂತ. 1952ರಲ್ಲಿ ಬೊಂಬಾಯಿಯಲ್ಲಿ ಡಾ. ವೈ.ಎಂ. ಭೇಂಡೆ ಅವರು ಮೊದಲು ಗುರುತಿಸಿದ್ದು. ಮಾಮೂಲಿ ಪರೀಕ್ಷೆಯಲ್ಲಿ ಓ ಅಂತಲೇ ತೋರಿಸುತ್ತೆ, ಆದರೆ ಓ ರಕ್ತ ಹಾಕಿದರೆ ಮೈ ತಿರುಗಿಬೀಳುತ್ತೆ. ಅವರಿಗೆ ಅವರದೇ ಗುಂಪಿನವರು ಬೇಕು. ಬಹಳ ಅಪರೂಪ. ಪರೀಕ್ಷೆ ಇಲ್ಲದೆ ರಕ್ತ ಏರಿಸೋದರಲ್ಲಿ ಇರುವ ಸಣ್ಣ ಅಪಾಯಗಳಲ್ಲಿ ಇದೂ ಒಂದು. ಎದುರಿಗೆ ಇರುವ ದೊಡ್ಡ ಅಪಾಯ ನೋಡಿ ಡಾಕ್ಟರ್ ಸೈನ್ ಹಾಕ್ತಾರೆ. ನನ್ನ ಹತ್ತಿರವೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿಕೊಂಡರು.

ಮೊದಲ ಚೀಲಗಳು ಒಂದು ಐಸ್ ಡಬ್ಬಿಯಲ್ಲಿ ಬಂದವು. ಇಬ್ಬರು ಸಿಸ್ಟರ್ ಮಂಚದ ಆಚೆ ಈಚೆ ನಿಂತರು. ಒಬ್ಬರು ಚೀಲದ ನಂಬರ್ ಓದಿದರು, ಇನ್ನೊಬ್ಬರು ಕಾಗದ ನೋಡಿ ಹೂಂ ಅಂದರು. ಗ್ರೂಪ್, ಸಂಗ್ರಹಿಸಿದ ತಾರೀಕು, ಮುಗಿಯುವ ತಾರೀಕು, ಕೈಪಟ್ಟಿಯ ಮೇಲಿನ ನಂಬರ್. ಭಾವನ ಜೀವ ಹೋಗ್ತಾ ಇರುವಾಗ ಇವರು ಅಕ್ಷರ ಓದ್ತಾ ಇದ್ದಾರಲ್ಲ ಅಂತ ನನ್ನ ಪಕ್ಕದಲ್ಲಿದ್ದವರು ಗೊಣಗಿದರು. ಒಂದು ನಿಮಿಷವೂ ಆಗಲಿಲ್ಲ ಅದಕ್ಕೆ. ಆ ಚೀಲಗಳ ಮೇಲೆ ನೀಲಿ ಲೇಬಲ್ ಇತ್ತು. ನಮ್ಮ ದೇಶದಲ್ಲಿ ಓ ಗುಂಪಿಗೆ ನೀಲಿ, ಎ ಗುಂಪಿಗೆ ಹಳದಿ, ಬಿ ಗುಂಪಿಗೆ ಗುಲಾಬಿ, ಎಬಿ ಗುಂಪಿಗೆ ಬಿಳಿ ಲೇಬಲ್. ಓದಲು ಬಾರದವರೂ ಬಣ್ಣ ನೋಡಿ ತಪ್ಪು ಹಿಡಿಯಬಹುದು.

ಒಂದು ಚೀಲದ ಮೇಲೆ ಸಂಗ್ರಹಿಸಿದ ತಾರೀಕು ನವೆಂಬರ್ 1 ಅಂತ ಇತ್ತು. ಮುಗಿಯುವ ತಾರೀಕು ಡಿಸೆಂಬರ್ 13. ಕೆಂಪು ಕಣಗಳನ್ನು ಬೇರೆ ಮಾಡಿ ಪೌಷ್ಟಿಕ ದ್ರವ ಬೆರೆಸಿ ಫ್ರಿಜ್‌ನಲ್ಲಿಟ್ಟರೆ 42 ದಿನ ಬಾಳುತ್ತೆ. ರಾಜ್ಯೋತ್ಸವಕ್ಕೆ ಯಾವುದೋ ಸಂಘದವರು ಇಟ್ಟ ಕ್ಯಾಂಪ್‌ನಲ್ಲಿ ಯಾರೋ ಕೊಟ್ಟಿರಬೇಕು. ಅಂಥ ಕ್ಯಾಂಪ್‌ಗಳನ್ನು ಫೋಟೋಗೆ ಮಾಡ್ತಾರೆ ಅಂತ ನಗುವವರಿದ್ದಾರೆ. ಫೋಟೋಗೇ ಮಾಡಲಿ ಬಿಡಿ.

ರಕ್ತವನ್ನು ಹಾಗೇ ಹನಿಹನಿಯಾಗಿ ಬಿಡಲಿಲ್ಲ. ಚೀಲದ ಸುತ್ತ ಬಿ.ಪಿ. ಪಟ್ಟಿಯಂಥದ್ದೊಂದನ್ನು ಸುತ್ತಿ ಗಾಳಿ ತುಂಬಿ ಒತ್ತಿದರು. ಕೊಳವೆ ಒಂದು ಬಿಸಿ ಮಾಡುವ ಮಿಷನ್ ಮೂಲಕ ಹಾದು ಹೋಗ್ತಿತ್ತು. ಫ್ರಿಜ್‌ನಲ್ಲಿದ್ದ ರಕ್ತ ತಣ್ಣಗೆ ಇರುತ್ತೆ, ಅದನ್ನು ಹಾಗೇ ಏರಿಸಿದರೆ ಮೈ ಇನ್ನೂ ತಣ್ಣಗಾಗುತ್ತೆ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟಲ್ಲ. ಹೆಪ್ಪುಗಟ್ಟದೆ ಸೋರಿದರೆ ಮೈಯಲ್ಲಿ ಆಮ್ಲ ಜಾಸ್ತಿ ಆಗುತ್ತೆ, ಆಮ್ಲ ಜಾಸ್ತಿ ಆದರೆ ಮತ್ತೆ ಹೆಪ್ಪುಗಟ್ಟಲ್ಲ. ಈ ಸುಳಿಯಲ್ಲೇ ಬಹಳ ಜನ ಸಾಯ್ತಾರೆ. ಬಳ್ಳಾರಿಯಲ್ಲಿ ಚಳಿಗಾಲ ಅಂದರೆ ಫ್ಯಾನ್ ಸ್ವಲ್ಪ ನಿಧಾನ ಮಾಡೋದು ಅಷ್ಟೇ. ಅಂಥ ಊರಲ್ಲಿ ಎ.ಸಿ. ಆಫ್ ಮಾಡಿ, ಭಾವನಿಗೆ ಎರಡೆರಡು ಕಂಬಳಿ ಹೊದಿಸಿದ್ದರು.

ನನ್ನ ಕೈಗೆ ಎರಡು ಸಣ್ಣ ಟ್ಯೂಬ್ ಕೊಟ್ಟರು, ಒಂದಕ್ಕೆ ನೇರಳೆ ಮುಚ್ಚಳ, ಇನ್ನೊಂದಕ್ಕೆ ಕೆಂಪು. ಜೊತೆಗೆ ಒಂದು ಫಾರಂ. ಬ್ಲಡ್ ಬ್ಯಾಂಕ್‌ಗೆ ಓಡಿದೆ. ಕಿಟಕಿಯ ಹಿಂದೆ ಇದ್ದ ಟೆಕ್ನಿಷಿಯನ್ ವಯಸ್ಸಾದವರು, ಕನ್ನಡಕ ಮೂಗಿನ ತುದಿಯಲ್ಲಿ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು, ಫಾರಂ ನೋಡಿದರು, ವಾಪಸ್ ನನ್ನ ಕಡೆ ತಳ್ಳಿದರು. ಟ್ಯೂಬಿನ ಮೇಲಿನ ನಂಬರಿನ ಕೊನೆ ಅಂಕಿ ಫಾರಂ ಮೇಲಿನದಕ್ಕೆ ಹೊಂದುತ್ತಿರಲಿಲ್ಲ. ಒಂದರ ಮೇಲೆ 1, ಇನ್ನೊಂದರ ಮೇಲೆ 7. ಬರೆಯುವಾಗ ಬಾಲ ಎಳೆದದ್ದು ಇರಬಹುದು.

"ಸರ್, ಅಲ್ಲಿ ಮನುಷ್ಯ ಸಾಯಾಕತ್ಯಾನ" ಅಂದೆ.

"ಅದಕ್ಕ ಓ ಕೊಟ್ಟು ಕಳಿಸೀನಲ್ಲ. ಅದು ಹೋಗ್ತಿರಲಿ. ಇದನ್ನ ಹೊಸದಾಗಿ ತೆಗೆಸಿಕೊಂಡು ಬಾ. ತಿದ್ದಿಸಿಕೊಂಡು ಬರಬ್ಯಾಡ, ಹೊಸದು."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಸ್ವಲ್ಪ ಬಿಡುವಾದಾಗ ಅವರೇ ವಿವರಿಸಿದರು. ಗುಂಪು ತಪ್ಪಿದ ರಕ್ತ ಏರಿ ಜೀವ ಹೋದ ಪ್ರಸಂಗಗಳಲ್ಲಿ ಹೆಚ್ಚಿನವು ಪರೀಕ್ಷೆಯ ತಪ್ಪಲ್ಲ, ಹೆಸರು ನಂಬರು ಅದಲುಬದಲಾದದ್ದು. ಒಂದೇ ಹೊತ್ತಿಗೆ ಮೂರು ಅಪಘಾತ ಬಂದ ರಾತ್ರಿ, ಪಕ್ಕದ ಮಂಚದವನ ಟ್ಯೂಬಿಗೆ ಇವನ ಚೀಟಿ ಅಂಟಿದರೆ ಮುಗೀತು. ಅದಕ್ಕೇ ರೋಗಿಯ ಪಕ್ಕದಲ್ಲೇ ನಿಂತು, ಕೈಪಟ್ಟಿ ನೋಡಿ, ಆಗಲೇ ಲೇಬಲ್ ಬರೆಯಬೇಕು ಅನ್ನೋ ಕಟ್ಟುನಿಟ್ಟು. ಇನ್ನೂ ಒಂದು ಅವಸರ ಇದೆ. ಓ ರಕ್ತ ಜಾಸ್ತಿ ಏರಿಸಿದ ಮೇಲೆ ಸ್ಯಾಂಪಲ್ ತೆಗೆದರೆ ಎರಡೂ ಬೆರೆತು ಗುಂಪು ಗೊಂದಲ ಆಗುತ್ತೆ. ಸಿಸ್ಟರ್ ಹೊಸ ಸ್ಯಾಂಪಲ್ ತೆಗೆದಾಗ ಇನ್ನೂ ಮೊದಲ ಚೀಲವೇ ಹೋಗ್ತಿತ್ತು, ಹಾಗಾಗಿ ತೊಂದರೆ ಆಗಲಿಲ್ಲ.

ಅಷ್ಟರಲ್ಲಿ ಭಾವನ ತಮ್ಮ ಊರಿನಿಂದ ಟಾಟಾ ಏಸ್ ತುಂಬಾ ಹುಡುಗರನ್ನು ಕರೆದುಕೊಂಡು ಬಂದ. ನಾನು ಯೂನಿಟ್‌ನ ವಾಟ್ಸಾಪ್ ಗುಂಪಿಗೆ ಹಾಕಿದ್ದ ಮೆಸೇಜ್ ನೋಡಿ ನಮ್ಮ ಟೇಲರ್‌ಗಳೂ ಬಂದರು, ಕೌಲ್ ಬಜಾರ್ ಕಡೆಯವರೇ ಹೆಚ್ಚು. ಬ್ಲಡ್ ಬ್ಯಾಂಕ್ ಮುಂದೆ ಜಾತ್ರೆ. ಎಲ್ಲರದೂ ಒಂದೇ ಮಾತು, ಎಷ್ಟು ಬೇಕಾದರೂ ತಗೊಳ್ರಿ. ಭಾವನ ತಮ್ಮ ಅಂತೂ ತೋಳು ಮೇಲೆ ಮಾಡಿಕೊಂಡೇ ಒಳಗೆ ನುಗ್ಗಿದ. "ನಂದೂ ಬಿ ಪಾಸಿಟಿವ್ ಸರ್. ನಂದ ಹಾಕ್ರಿ ನಮ್ಮಣ್ಣಗ."

ಟೆಕ್ನಿಷಿಯನ್ ಅವನನ್ನು ಕೂಡಿಸಿದರು. "ತಮ್ಮಾ, ನಿನ್ನ ರಕ್ತ ತಗೋತೀನಿ. ಆದ್ರ ನಿಮ್ಮಣ್ಣಗ ಹಾಕಲ್ಲ."

ಅವನಿಗೆ ಸಿಟ್ಟೇ ಬಂತು. ಒಡಹುಟ್ಟಿದವರ ರಕ್ತಕ್ಕಿಂತ ಬೇರೆಯವರದು ಮೇಲಾ ಅಂತ ಕೇಳಿದ. ಮೇಲು ಅಂತಲೇ ಉತ್ತರ. ಹತ್ತಿರದ ಸಂಬಂಧಿಕರ ರಕ್ತದಲ್ಲಿನ ಬಿಳಿ ಕಣಗಳು ರೋಗಿಯ ಕಣಗಳನ್ನೇ ಹೋಲುತ್ತವೆ. ರೋಗಿಯ ಮೈ ಅವನ್ನು ಹೊರಗಿನವು ಅಂತ ಗುರುತು ಹಿಡಿಯಲ್ಲ. ಅವು ಒಳಗೇ ಬೆಳೆದು ರೋಗಿಯ ಮೇಲೇ ತಿರುಗಿಬೀಳಬಹುದು. ಬಹಳ ಅಪರೂಪ, ಆದರೆ ಬಂದರೆ ಬದುಕೋದು ಕಷ್ಟ. ಹಾಗಾಗಿ ಆ ರಕ್ತಕ್ಕೆ ವಿಶೇಷ ವಿಕಿರಣ ಕೊಡದೆ ಒಡಹುಟ್ಟಿದವರದ್ದು, ಅಪ್ಪ ಅಮ್ಮನದ್ದು ಆದಷ್ಟೂ ಹಾಕಲ್ಲ.

ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಯಾರೇ ಕೊಟ್ಟರೂ ಆ ರಕ್ತ ಆಗಲೇ ಉಪಯೋಗಕ್ಕೆ ಬರಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದೂ ಪರೀಕ್ಷೆ ಆಗಬೇಕು. ಆಮೇಲೆ ಮಿಷನ್‌ನಲ್ಲಿ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ ಅನ್ನುವ ಹಳದಿ ದ್ರವ, ಪ್ಲೇಟ್‌ಲೆಟ್ ಅನ್ನುವ ಸಣ್ಣ ಕಣ ಅಂತ ಬೇರೆ ಮಾಡಬೇಕು. ಗಂಟೆಗಟ್ಟಲೆ ಹಿಡಿಯುತ್ತೆ. ಭಾವನಿಗೆ ಬೇಕಾಗಿದ್ದು ಆ ಕ್ಷಣಕ್ಕೆ. ಅಂದರೆ ಯಾರೋ ಮೊದಲೇ ಕೊಟ್ಟು, ಪರೀಕ್ಷೆಯೂ ಮುಗಿದು, ಫ್ರಿಜ್‌ನಲ್ಲಿ ಕಾಯ್ತಾ ಕೂತಿದ್ದ ರಕ್ತ. ಆ ರಾತ್ರಿ ಭಾವನ ಮೈಗೆ ಹೋದ ಒಂದು ಹನಿಯೂ ನಮ್ಮವರದಲ್ಲ. ನಮ್ಮ ಜಾತ್ರೆಯ ರಕ್ತ ಮುಂದೆ ಬರುವ ಇನ್ಯಾರಿಗೋ. ಇದು ಅರ್ಥ ಆದ ಮೇಲೆ ಕೆಲವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಭಾವನ ತಮ್ಮ ಮಾತ್ರ ಕೊಟ್ಟೇ ಹೋದ.

ನಮ್ಮ ಟೇಲರ್‌ಗಳ ಸರದಿ ಬಂತು. ಇಲ್ಲಿ ಒಂದು ಸಣ್ಣ ಸಂಗತಿ. ಮೊದಲು ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ತೆಗೀತಾರೆ. ಚುಚ್ಚುವ ಮುಂಚೆ ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಹತ್ತಿ ನೀಲಿಯಾಗಿ ಬರ್ತಿತ್ತು. ಜೀನ್ಸ್ ಬಟ್ಟೆಯ ಬಣ್ಣ, ಉಗುರು ಸಂದಿಯಲ್ಲಿ ಕೂತಿರುತ್ತೆ, ಸೋಪಿಗೆ ಹೋಗಲ್ಲ. ಮತ್ತೆ ಮತ್ತೆ ಒರೆಸಿದರೂ ಪೂರ್ತಿ ಹೋಗಲಿಲ್ಲ. "ಇದೇನ್ರವ್ವಾ, ಎಲ್ಲಾರೂ ಇಂಕ್ ಫ್ಯಾಕ್ಟ್ರಿಯಿಂದ ಬಂದೀರೇನು" ಅಂತ ಸಿಸ್ಟರ್ ನಕ್ಕರು. ಆ ಹನಿಯನ್ನು ಮೈಲುತುತ್ತದ ನೀಲಿ ನೀರಿಗೆ ಬಿಡ್ತಾರೆ. ರಕ್ತ ಗಟ್ಟಿಯಿದ್ದರೆ ಹನಿ ಸೀದಾ ತಳಕ್ಕೆ ಇಳಿಯುತ್ತೆ. ಹಿಮೋಗ್ಲೋಬಿನ್ 12.5ಕ್ಕಿಂತ ಕಮ್ಮಿ ಇದ್ದರೆ ಮುಳುಗಲ್ಲ, ನಡುವೆಯೇ ತೇಲಿ ಮೇಲಕ್ಕೆ ಬರುತ್ತೆ. ಗಂಡು ಹುಡುಗರ ಹನಿ ಮುಳುಗಿದವು. ಹೆಣ್ಣುಮಕ್ಕಳದ್ದು ಒಂದಾದ ಮೇಲೆ ಒಂದು ತೇಲಿದವು. ಬೆಳಗ್ಗೆಯಿಂದ ರಾತ್ರಿ ತನಕ ಮಿಷನ್ ತುಳಿದು ಬಂದವರು, ಬೇರೆಯವರಿಗೆ ರಕ್ತ ಕೊಡ್ತೀವಿ ಅಂತ ಸಾಲಲ್ಲಿ ನಿಂತವರು, ಅವರಿಗೇ ರಕ್ತ ಇಲ್ಲ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಾನು ಆ ಅಂಕಿಯನ್ನು ಆಮೇಲೆ ಓದಿದ್ದು. ಆ ಬಾಟಲಿಯಲ್ಲಿ ತೇಲಿದ ಹನಿಗಳನ್ನು ನೋಡಿದ ಮೇಲೆ ಅದೇನೂ ಹೊಸದು ಅನ್ನಿಸಲಿಲ್ಲ.

ಉಳಿದ ನಿಯಮಗಳು ಬೇಗ ಮುಗಿದವು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಕುಡಿದು ಬಂದಿದ್ದ ಒಬ್ಬನನ್ನು, ಹೊಸದಾಗಿ ಹಚ್ಚೆ ಹಾಕಿಸಿಕೊಂಡಿದ್ದ ಇನ್ನೊಬ್ಬನನ್ನು ವಾಪಸ್ ಕಳಿಸಿದರು. ಹಚ್ಚೆಯವನಿಗೆ ಬೇಜಾರಾಯ್ತು. ಅವನ ತೋಳಿನ ಮೇಲೆ ಇದ್ದದ್ದು ಅವ್ವನ ಹೆಸರು.

ಹೊರಗೆ ಚಹಾ ಅಂಗಡಿ ಹತ್ತಿರ ಒಬ್ಬ ಬಂದು ನನ್ನ ಪಕ್ಕ ನಿಂತ. "ಬಿ ಪಾಸಿಟಿವ್ ಬೇಕೇನ್ರಿ? ಹುಡುಗ್ರು ಅದಾರ. ಒಳಗ ಸುಮ್ನೆ ಲೇಟ್ ಮಾಡ್ತಾರ" ಅಂದ. ರೇಟನ್ನೂ ಹೇಳಿದ. ದುಡ್ಡಿಗೆ ರಕ್ತ ಕೊಡೋದನ್ನು ನಿಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿ, 1998ರ ಜನವರಿ 1ರಿಂದ ಅದು ನಿಂತೇ ಹೋಗಬೇಕಿತ್ತು. ದುಡ್ಡಿಗೆ ಕೊಡುವವನು ತನ್ನ ಕಾಯಿಲೆ ಹೇಳಲ್ಲ, ಹೋದ ವಾರ ಕೊಟ್ಟಿದ್ದನ್ನೂ ಹೇಳಲ್ಲ. ರಕ್ತಕ್ಕೆ ಬೆಲೆ ಇಲ್ಲ, ಪರೀಕ್ಷೆ ಮತ್ತು ಸಂಗ್ರಹದ ಖರ್ಚನ್ನು ಮಾತ್ರ ತಗೋಬಹುದು ಅನ್ನೋದು ಕಾನೂನು. ನಮ್ಮ ಹುಡುಗರು ಅವನನ್ನು ಸುತ್ತುವರಿದ ಕೂಡಲೇ ಬೈಕ್ ಹತ್ತಿ ಹೋದ. ಆ ಹೊತ್ತಲ್ಲಿ ಒಬ್ಬನೇ ಇದ್ದು, ಜೊತೆಗೆ ಯಾರೂ ಇಲ್ಲದ ಮನುಷ್ಯ ಏನು ಮಾಡ್ತಾನೆ? ಜೇಬಿಗೆ ಕೈ ಹಾಕ್ತಾನೆ. ಅಂಥವರನ್ನೇ ಹುಡುಕಿ ಬರ್ತಾರೆ ಇವರು.

ಒಳಗೆ ಅಷ್ಟೊತ್ತಿಗೆ ಗುಲಾಬಿ ಲೇಬಲ್ ಚೀಲಗಳು ಬಂದಿದ್ದವು. ಗುಂಪು ಖಚಿತ ಆಯ್ತು, ಬಿ ಪಾಸಿಟಿವ್. ಲೈಸೆನ್ಸ್‌ನಲ್ಲಿದ್ದದ್ದು ಸರಿಯೇ ಇತ್ತು, ಆದರೂ ಅವರು ನಂಬದೇ ಇದ್ದದ್ದೇ ಸರಿ. ಕೆಂಪು ಚೀಲದ ಜೊತೆಗೆ ಪ್ಲಾಸ್ಮಾ ಚೀಲವೂ ಬಂತು. ಅದನ್ನು ಮೈನಸ್ 30 ಡಿಗ್ರಿಗಿಂತ ಕೆಳಗೆ ಇಟ್ಟಿರ್ತಾರೆ. ಹೊರಗೆ ತೆಗೆದಾಗ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿ, ಹಳದಿಯಾಗಿ ಇತ್ತು. 37 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟು ಕರಗಿಸಲು ಅರ್ಧ ಗಂಟೆ ಹತ್ತಿರ ಬೇಕು. ಅದಕ್ಕೇ ಮೇಡಂ ಮೊದಲ ಫೋನಿನಲ್ಲೇ ಪ್ಲಾಸ್ಮಾ ಕರಗಿಸಲು ಇಡಿ ಅಂತ ಹೇಳಿಬಿಟ್ಟಿದ್ದರು. ಕೆಂಪು ಕಣ ಉಸಿರನ್ನು ಒಯ್ಯುತ್ತೆ ಅಷ್ಟೇ, ರಕ್ತ ನಿಲ್ಲಿಸಲ್ಲ. ನಿಲ್ಲಿಸೋದು ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್. ಬರೀ ಕೆಂಪು ಚೀಲ ಏರಿಸ್ತಾ ಹೋದರೆ ಒಂದು ಕಡೆ ತುಂಬ್ತಾ ಇನ್ನೊಂದು ಕಡೆ ಸೋರ್ತಾ ಇರುತ್ತೆ. ಈಗ ಇಂಥ ಗಾಯಾಳುಗಳಿಗೆ ಮೂರನ್ನೂ ಸಮಸಮ ಕೊಡಲು ನೋಡ್ತಾರೆ, ಒಂದಕ್ಕೆ ಒಂದಕ್ಕೆ ಒಂದು. ಪ್ಲೇಟ್‌ಲೆಟ್ ಅಂತೂ ಐದೇ ದಿನ ಬಾಳೋದು, ಅದೂ ಫ್ರಿಜ್‌ನಲ್ಲಿ ಅಲ್ಲ, 20ರಿಂದ 24 ಡಿಗ್ರಿಯಲ್ಲಿ ಸದಾ ಅಲ್ಲಾಡಿಸ್ತಾ ಇಡಬೇಕು. ಆ ರಾತ್ರಿ ಅದು ಬೇಕಾದಷ್ಟು ಇರಲಿಲ್ಲ. ಇದ್ದಷ್ಟರಲ್ಲೇ ನಡೆಸಿದರು.

ನಡುನಡುವೆ ಕ್ಯಾಲ್ಸಿಯಂ ಇಂಜೆಕ್ಷನ್ ಕೂಡ ಕೊಡ್ತಿದ್ದರು. ಚೀಲದಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಸಿಟ್ರೇಟ್ ಹಾಕಿರ್ತಾರೆ. ಅದು ಮೈಯೊಳಗಿನ ಕ್ಯಾಲ್ಸಿಯಂ ಅನ್ನೂ ಹಿಡಿದುಕೊಂಡುಬಿಡುತ್ತೆ. ಕ್ಯಾಲ್ಸಿಯಂ ಇಳಿದರೆ ಹೃದಯವೂ ತಪ್ಪುತ್ತೆ, ಹೆಪ್ಪೂ ಕಟ್ಟಲ್ಲ.

ಗುಲ್ಮ ತೆಗೆದರು. ತೊಡೆಗೆ ಹೊರಗಿನಿಂದ ರಾಡ್ ಕಟ್ಟಿ ನಿಲ್ಲಿಸಿದರು. ಓ.ಟಿ. ಬಾಗಿಲಿಗೆ ಬಂದು ಹೇಳಿದ ಸರ್ಜನ್, "ರಕ್ತ ಏರಿಸೋದು ಟೈಮ್ ತಂದುಕೊಡುತ್ತೆ ಅಷ್ಟೇ, ಸೋರೋದನ್ನ ನಿಲ್ಲಿಸೋದು ಹೊಲಿಗೆ" ಅಂದರು. ಹೊಲಿಗೆಯವರ ಎದುರಿಗೇ ಹೇಳಿದ್ದು, ನಮ್ಮ ಟೇಲರ್ ಒಬ್ಬ ಅಷ್ಟು ಟೆನ್ಷನ್‌ನಲ್ಲೂ ನಕ್ಕ. ಮೊದಲ ರಾತ್ರಿಯೇ ಕೆಂಪು ಚೀಲ ಹತ್ತಕ್ಕೂ ಜಾಸ್ತಿ ಹೋಗಿತ್ತು. ಅಂದರೆ ಲೆಕ್ಕ ಹಾಕಿದರೆ ಭಾವನ ಮೈಯಲ್ಲಿ ಬೆಳಗ್ಗೆ ಹರೀತಿದ್ದ ರಕ್ತದಲ್ಲಿ ಬಹುಪಾಲು ಬೇರೆಯವರದ್ದು.

ಐ.ಸಿ.ಯು.ನಲ್ಲಿ ಒಂದು ಪ್ಲಾಸ್ಮಾ ಚೀಲ ಹೋಗುವಾಗ ಎದೆ ಮೇಲೆಲ್ಲ ದದ್ದು ಎದ್ದವು. ಸಿಸ್ಟರ್ ಕೂಡಲೇ ನಿಲ್ಲಿಸಿ ಇಂಜೆಕ್ಷನ್ ಕೊಟ್ಟರು, ಇಳಿದವು. ರಕ್ತ ಏರುವಾಗ ಚಳಿ, ತುರಿಕೆ, ಸೊಂಟ ನೋವು, ಉಸಿರು ಕಟ್ಟಿದ ಹಾಗೆ, ಏನಾದರೂ ಆದರೆ ಆಗಲೇ ಹೇಳಬೇಕು. ಸಹಿಸಿಕೊಂಡು ಸುಮ್ನಿರೋದು ಒಳ್ಳೇದಲ್ಲ. ಮಾತಾಡದ ಸ್ಥಿತಿಯಲ್ಲಿರುವವರನ್ನು ಪಕ್ಕದಲ್ಲಿರುವವರೇ ನೋಡ್ತಾ ಇರಬೇಕು.

ಅಕ್ಕ ಬೆಳಗ್ಗೆ ಒಳಗೆ ಹೋಗಿ ಬಂದವಳು ಹೇಳಿದ್ದು, "ಉಗುರು ಕೆಂಪಗಾಗ್ಯಾವ." ಹಿಂದಿನ ರಾತ್ರಿ ಅವಳು ಅವರನ್ನು ನೋಡಿದ್ದು ಓ.ಟಿ.ಗೆ ಒಯ್ಯುವಾಗ, ಕಂಬಳಿಯ ಹೊರಗೆ ಇದ್ದ ಕೈ ಮಾತ್ರ.

ಭಾವ ಈಗ ಕೋಲು ಹಿಡಿದು ಓಡಾಡ್ತಾರೆ, ಗದ್ದೆಗೂ ಹೋಗ್ತಾರೆ. ಗುಲ್ಮ ಇಲ್ಲದವರಿಗೆ ಕೆಲವು ಸೋಂಕು ಬೇಗ ತಗಲುತ್ತೆ ಅಂತ ಆಪರೇಷನ್ ಆಗಿ ಎರಡು ವಾರದ ಮೇಲೆ ನ್ಯುಮೋನಿಯಾ, ಮೆದುಳುಜ್ವರದ ಲಸಿಕೆಗಳನ್ನು ಹಾಕಿದರು. ಜ್ವರ ಬಂದರೆ ಮನೆಮದ್ದು ಬೇಡ, ಆ ದಿನವೇ ಆಸ್ಪತ್ರೆಗೆ ಬರಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರೆ. ಅದನ್ನು ಅಕ್ಕ ಅಡಿಗೆಮನೆ ಗೋಡೆಗೆ ಅಂಟಿಸಿದ್ದಾಳೆ.

ಯೂನಿಟ್‌ನಲ್ಲಿ ಹನಿ ತೇಲಿದ ಹೆಣ್ಣುಮಕ್ಕಳಿಗೆ ಆರೋಗ್ಯ ಕೇಂದ್ರದಿಂದ ಕಬ್ಬಿಣದ ಮಾತ್ರೆ ತರಿಸಿದೆವು. ಹೊಟ್ಟೆ ಕೆಡುತ್ತೆ ಅಂತ ಅರ್ಧ ಜನ ಬಿಟ್ಟರು. ಊಟ ಆದ ಮೇಲೆ ನಿಂಬೆರಸದ ಜೊತೆ ತಗೊಳ್ಳಿ, ಚಹಾ ಜೊತೆ ಬೇಡ ಅಂತ ಆಶಾ ಕಾರ್ಯಕರ್ತೆ ಬಂದು ಹೇಳಿದ ಮೇಲೆ ಕೆಲವರು ಮತ್ತೆ ಶುರು ಮಾಡಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ, ಬಿಸಿಲಿಗೆ ಕ್ಯಾಂಪ್‌ಗಳೂ ಕಮ್ಮಿ, ಬ್ಲಡ್ ಬ್ಯಾಂಕ್ ಫ್ರಿಜ್ ಖಾಲಿ ಇರೋದು ಆಗಲೇ ಅಂತ ಆ ಟೆಕ್ನಿಷಿಯನ್ ಹೇಳಿದ್ದರು. ಹಾಗಾಗಿ ನಮ್ಮ ಕ್ಯಾಂಪನ್ನು ಬೇಸಿಗೆಗೇ ಇಟ್ಟುಕೊಂಡಿದ್ದೇವೆ, ಬೆಳಗ್ಗೆ ಹೊತ್ತು, ಒಗ್ಗರಣೆ ಮಿರ್ಚಿ ತಿಂದಾದ ಮೇಲೆ. ಖಾಲಿ ಹೊಟ್ಟೆಯಲ್ಲಿ ಬರಬೇಡಿ ಅಂತ ಅವರದೇ ಆರ್ಡರ್.